ನೀವೇ ಕಂಪೈಲ್ ಮಾಡಿದ ಕರ್ನಲ್ ಬೂಟ್ ಆಗ್ತಿಲ್ವಾ? ಎಲ್ಲಿ ನಿಂತಿದೆ, ಮೊದಲು ಅದನ್ನು ನೋಡಿ

ಹೊಸ ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು) ಇನ್‌ಸ್ಟಾಲ್ ಆಯ್ತು, ರೀಬೂಟ್ ಕೊಟ್ಟರೆ ಪರದೆ ಕಪ್ಪು. ಕೂಡಲೇ ಕಾನ್ಫಿಗ್ ತೆರೆದು ಕಂಡಕಂಡ ಆಪ್ಷನ್ ಬದಲಿಸೋಕೆ ಹೋಗಬೇಡಿ. ಯಂತ್ರ ಶುರುವಾದಾಗ ಯಾವ ಕರ್ನಲ್ ಬೇಕು ಅಂತ ಕೇಳುವ ಗ್ರಬ್ ಮೆನುವಿನಲ್ಲಿ ಹಳೆ ಕರ್ನಲ್ ಇದ್ದೇ ಇರುತ್ತದೆ, ಅದರಿಂದ ಬೂಟ್ ಮಾಡಬಹುದು. ಜಾಗ ಸಾಲಲ್ಲ ಅಂತ ಅದನ್ನೇ ಅಳಿಸಿದ್ದರೆ ಲೈವ್ ಯುಎಸ್‌ಬಿಯೇ ಗತಿ.

ಮೊದಲು ಕರ್ನಲ್ ಬಾಯಿ ಬಿಡಿಸಬೇಕು. ಗ್ರಬ್‌ನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಿಂದ ‘ಕ್ವಯಟ್’, ‘ಸ್ಪ್ಲಾಶ್’ ತೆಗೆದು, ಕೊನೆಗೆ ‘ಇಗ್ನೋರ್_ಲಾಗ್‌ಲೆವೆಲ್’ ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿ. ಆಗಲೂ ಕತ್ತಲೆಯೇ ಆದರೆ, ಯುಇಎಫ್‌ಐ ಯಂತ್ರದಲ್ಲಿ ‘ಅರ್ಲಿಕಾನ್=ಇಎಫ್‌ಐಎಫ್‌ಬಿ’ ಹಾಕಿ ನೋಡಿ. ಕ್ಯಾಪ್ಸ್ ಲಾಕ್ ದೀಪ ನೀವು ಒತ್ತಿದಂತೆ ಹತ್ತಿ ಆರುತ್ತಿದ್ದರೆ ಕರ್ನಲ್ ಬದುಕಿದೆ, ಪರದೆಯ ಡ್ರೈವರ್ ಮಾತ್ರ ಕೈಕೊಟ್ಟಿದೆ. ತಾನಾಗಿಯೇ ಮಿಣುಕುತ್ತಿದ್ದರೆ ಪ್ಯಾನಿಕ್, ಅಂದರೆ ಮುಂದೆ ಹೋಗಲಾಗದೆ ಕರ್ನಲ್ ನಿಂತೇಬಿಟ್ಟಿದೆ.

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲಿ: ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’. ಆ ಆವರಣದೊಳಗಿನ ಎರಡು ಅಂಕಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಓದ್ತಾರೆ, ವಿಷಯ ಇರೋದೇ ಅಲ್ಲಿ. (0,0) ಅಂದರೆ ರೂಟ್ ಡಿಸ್ಕ್ (ಸಿಸ್ಟಂ ಇರುವ ಡಿಸ್ಕ್) ಯಾವುದು ಅಂತಲೇ ಕರ್ನಲ್‌ಗೆ ಗೊತ್ತಾಗಿಲ್ಲ. (8,2) ಅಥವಾ (259,2) ಥರ ಇದ್ದರೆ ಡಿಸ್ಕ್ ಸಿಕ್ಕಿದೆ, ಅದರ ಮೇಲಿನ ಫೈಲ್‌ಸಿಸ್ಟಂ ಓದಲು ಬಂದಿಲ್ಲ, ಅಂದರೆ ಎಕ್ಸ್‌ಟಿ4ನಂಥ ಫೈಲ್‌ಸಿಸ್ಟಂನ ಬೆಂಬಲ ಕಾನ್ಫಿಗ್‌ನಲ್ಲಿ ಬಿಟ್ಟುಹೋಗಿರಬಹುದು. 8 ಸಾಟಾ ಮತ್ತು ಯುಎಸ್‌ಬಿ ಡಿಸ್ಕ್‌ಗಳ ನಂಬರ್, 259 ಸಾಮಾನ್ಯವಾಗಿ ಎನ್‌ವಿಎಂಇಯದು. ಪ್ಯಾನಿಕ್ ಸಾಲಿನ ಮೇಲೆ ಕರ್ನಲ್ ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿ ಕೊಡುತ್ತದೆ. (0,0) ಬಂದಾಗ ನಿಮ್ಮ ಡಿಸ್ಕ್ ಅಲ್ಲಿದ್ದರೆ, ರೂಟ್ ಡಿಸ್ಕ್ ಯಾವುದೆಂದು ‘ಲಿನಕ್ಸ್’ ಸಾಲಿನಲ್ಲಿ ಹೇಳುವ ‘ರೂಟ್=’ ತಪ್ಪು, ಇಲ್ಲದಿದ್ದರೆ ಡ್ರೈವರ್ ಇಲ್ಲ.

(0,0) ಬಂದಾಗ ನಾನು ಮೊದಲು ಅನುಮಾನಿಸುವುದು ಇನಿಟ್‌ರಾಮ್‌ಎಫ್‌ಎಸ್ ಅನ್ನು, ಅಂದರೆ ರೂಟ್ ಡಿಸ್ಕ್ ಸಿಗುವ ತನಕ ಬೇಕಾದ ಡ್ರೈವರ್‌ಗಳನ್ನು ಹೊತ್ತು ಕರ್ನಲ್ ಜೊತೆ ಮೆಮೊರಿಗೆ ಬರುವ ಪುಟ್ಟ ಫೈಲ್‌ಸಿಸ್ಟಂ ಅನ್ನು. ಅದು ತಯಾರಾಗಿದೆಯಾ, ಗ್ರಬ್‌ನಲ್ಲಿ ‘ಇನಿಟ್‌ಆರ್‌ಡಿ’ ಸಾಲು ಇದೆಯಾ ನೋಡಿ. ಅದು ಬೇಡವೇ ಬೇಡ ಅನ್ನೋರು ಡಿಸ್ಕ್ ಡ್ರೈವರ್, ಫೈಲ್‌ಸಿಸ್ಟಂ ಎರಡನ್ನೂ ಮಾಡ್ಯೂಲ್ (ಆಮೇಲೆ ಲೋಡ್ ಆಗುವ ಬೇರೆ ಫೈಲ್) ಆಗಿ ಬಿಡದೆ ‘ವೈ’ ಮಾಡಿ ಕರ್ನಲ್ ಒಳಗೇ ಸೇರಿಸಬೇಕು. ಜೊತೆಗೆ ‘ರೂಟ್=ಯುಯುಐಡಿ’ ಆಗ ನಡೆಯಲ್ಲ, ಯುಯುಐಡಿ (ಫೈಲ್‌ಸಿಸ್ಟಂನ ಗುರುತು ಸಂಖ್ಯೆ) ಹುಡುಕುವ ಕೆಲಸ ಇನಿಟ್‌ರಾಮ್‌ಎಫ್‌ಎಸ್‌ನದು. ಕರ್ನಲ್‌ಗೆ ನೇರವಾಗಿ ಅರ್ಥವಾಗುವುದು ಪಾರ್ಟಿಷನ್‌ನ ಗುರುತಾದ ಪಾರ್ಟ್‌ಯುಯುಐಡಿ.

ಇನಿಟ್‌ರಾಮ್‌ಎಫ್‌ಎಸ್ ಇದ್ದೂ ಅದು ಬಿಚ್ಚಿಕೊಳ್ಳದಿದ್ದರೆ ಅದರ ಕಂಪ್ರೆಷನ್ ನೋಡಿ. ಉಬುಂಟು ಈಗ ಜ಼ಡ್‌ಸ್ಟ್ಯಾಂಡರ್ಡ್ ಬಳಸುತ್ತದೆ, ನೀವು ‘ಆರ್‌ಡಿ_ಜ಼ಡ್‌ಎಸ್‌ಟಿಡಿ’ ಆಫ್ ಮಾಡಿದ್ದರೆ ಕರ್ನಲ್ ಅದನ್ನು ಓದಲಾರದು. ‘ಫೇಲ್ಡ್ ಟು ಎಕ್ಸಿಕ್ಯೂಟ್ /ಇನಿಟ್’, ಎರರ್ -8 ಬಂದರೆ ಮೊದಲು ‘ಬಿನ್‌ಎಫ್‌ಎಂಟಿ_ಸ್ಕ್ರಿಪ್ಟ್’ ನೋಡಿ. ‘ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್’ ಬಳಸುವ ಡೆಬಿಯನ್, ಉಬುಂಟುಗಳಲ್ಲಿ ಆ ಇನಿಟ್ ಒಂದು ಶೆಲ್ ಸ್ಕ್ರಿಪ್ಟ್, ಅಲ್ವಾ? ಈ ಆಪ್ಷನ್ ಇಲ್ಲದೆ ಓಡಲ್ಲ. ಗ್ರಬ್ ಹಂತದಲ್ಲೇ ‘ಬ್ಯಾಡ್ ಶಿಮ್ ಸಿಗ್ನೇಚರ್’ ಬಂದರೆ ಸಹಿ ಇಲ್ಲದ ಕರ್ನಲ್ ತಡೆಯುವ ಸೆಕ್ಯೂರ್ ಬೂಟ್ ತಕರಾರು, ಕಾನ್ಫಿಗ್ ಮುಟ್ಟಬೇಕಿಲ್ಲ.

ಕಾರಣ ಗೊತ್ತಾಗಲೇ ಇಲ್ಲವೆಂದರೆ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಅನ್ನು /ಬೂಟ್‌ನಿಂದ ತಂದು ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಮಾಡಿ, ಅದು ಬೂಟ್ ಆದ ಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ‘ಲೋಕಲ್‌ಮಾಡ್‌ಕಾನ್ಫಿಗ್’ ಬೇಗ ಮುಗಿಯುತ್ತದೆ, ಆದರೆ ಆ ಕ್ಷಣ ಲೋಡ್ ಆಗಿರುವ ಮಾಡ್ಯೂಲ್ ಮಾತ್ರ ಉಳಿಸುತ್ತದೆ, ಹಾಗಾಗಿ ಪೆನ್‌ಡ್ರೈವ್, ವೈಫೈ ಡಾಂಗಲ್ ಎಲ್ಲ ಮೊದಲೇ ಚುಚ್ಚಿರಿ.

ಪ್ರತಿ ಸಲ ಪರೀಕ್ಷಿಸುವಾಗ ‘ಪ್ಯಾನಿಕ್=10’ ಸೇರಿಸಿ, ‘ಗ್ರಬ್_ಡಿಫಾಲ್ಟ್=ಸೇವ್ಡ್’ ಇಟ್ಟು, ‘ಗ್ರಬ್-ಸೆಟ್-ಡಿಫಾಲ್ಟ್’ನಿಂದ ಹಳೆ ಕರ್ನಲ್ ಅನ್ನೇ ಡಿಫಾಲ್ಟ್ ಮಾಡಿ, ‘ಗ್ರಬ್-ರೀಬೂಟ್’ನಿಂದ ಹೊಸದನ್ನು ಒಂದೇ ಸಲಕ್ಕೆ ಆರಿಸಿ. ಪ್ಯಾನಿಕ್ ಆದರೆ 10 ಸೆಕೆಂಡ್ ಬಿಟ್ಟು ಯಂತ್ರ ತಾನೇ ಹಳೆ ಕರ್ನಲ್‌ಗೆ ವಾಪಸ್ ಬರುತ್ತದೆ. /ಬೂಟ್ ಎಲ್‌ವಿಎಂ (ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಮೇಲಿದ್ದರೆ ಮಾತ್ರ ಇದನ್ನು ನಂಬಬೇಡಿ, ಗ್ರಬ್ ಅಲ್ಲಿ ಏನನ್ನೂ ಬರೆಯಲಾರದು, ಹಾಗಾಗಿ ‘ಒಂದೇ ಸಲ’ದ ಆಯ್ಕೆಯನ್ನು ಅಳಿಸಲಾರದು.