ಸರಾಸರಿ ಒಂದೇ, ಆದರೂ ಲೆಕ್ಕ ಬೇರೆ: ಕಾಳಿ ಅಳಿವೆಯ ಡಯಾಟಮ್ ಎಣಿಸುವಾಗ

ಸದಾಶಿವಗಡದ ಬಳಿ ಕಾಳಿ ಅಳಿವೆಯಿಂದ ತಂದ ನೀರಿಗೆ, ಅದರಲ್ಲಿರುವ ಡಯಾಟಮ್ (ಗಾಜಿನಂಥ ಚಿಪ್ಪಿನ, ಒಂದೇ ಕೋಶದ ಪಾಚಿ) ಕೆಡದಿರಲಿ ಅಂತ ಲ್ಯೂಗಾಲ್ ಅಯೋಡಿನ್ ಹಾಕಿ ಇಡುತ್ತೇನೆ. ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ತಳಕ್ಕೆ ಇಳಿದ ಮೇಲೆ ಮೇಲಿನ ನೀರು ತೆಗೆದು, ಉಳಿದದ್ದರಲ್ಲಿ 1 ಮಿಲಿ ಸೆಡ್ಜ್‌ವಿಕ್-ರಾಫ್ಟರ್ ಸೆಲ್ ಎಂಬ ಎಣಿಕೆಯ ಸ್ಲೈಡಿಗೆ ತುಂಬುತ್ತೇನೆ. ಅದರ ತಳದಲ್ಲಿ 1000 ಚೌಕ. ಒಂದೊಂದರ ಮೇಲೂ 1 ಮೈಕ್ರೋಲೀಟರ್ ನೀರು.

ಸರಾಸರಿ ತೆಗೆಯುವ ಮುಂಚೆ ಚೌಕವಾರು ಅಂಕಿಗಳನ್ನು ನೋಡೋದು ನನ್ನ ರೂಢಿ. ಉದಾಹರಣೆಗೆ 10 ಚೌಕದಲ್ಲಿ ಎರಡು ಬಗೆಯ ಡಯಾಟಮ್ ಕೋಶಗಳ ಎಣಿಕೆ ತಗೊಳ್ಳಿ. ನವಿಕ್ಯುಲಾ: 4, 7, 3, 6, 5, 8, 2, 5, 6, 4. ಸ್ಕೆಲಿಟೋನೀಮಾ: 0, 14, 2, 0, 11, 1, 0, 16, 0, 6. ಎರಡರದ್ದೂ ಒಟ್ಟು 50, ಸರಾಸರಿ 5. ಮಿಲಿಗೆ 5000 ಅಂತ ಬರೆದು ಕೈತೊಳೆದುಕೊಳ್ಳಬಹುದು, ಅಲ್ವಾ? ಆದರೆ ವೇರಿಯನ್ಸ್ (ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನೋ ಅಳತೆ) ತೆಗೆದರೆ ಮೊದಲನೆಯದು 3.3, ಎರಡನೆಯದು 40!

ಕಣಗಳು ತಮ್ಮ ಪಾಡಿಗೆ ಎಲ್ಲೆಂದರಲ್ಲಿ ಬಿದ್ದಿದ್ದರೆ ವೇರಿಯನ್ಸ್ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ. ಹೀಗೆ ಎಲ್ಲೆಂದರಲ್ಲಿ ಬೀಳುವುದನ್ನು ವಿವರಿಸುವ ಪಾಯ್ಸಾನ್ ಹಂಚಿಕೆಯ ಗುಣವೇ ಅದು. ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗೋಸೆಟ್ 1907ರಲ್ಲಿ ಯೀಸ್ಟ್ ಎಣಿಕೆಗೆ ಹಚ್ಚಿದ್ದೂ ಇದೇ ಲೆಕ್ಕ. ಪರೀಕ್ಷೆ ಸುಲಭ. ವೇರಿಯನ್ಸನ್ನು ಸರಾಸರಿಯಿಂದ ಭಾಗಿಸಿ, 10 ಚೌಕ ಇದ್ದರೆ 9ರಿಂದ ಗುಣಿಸಿ. ಉತ್ತರ 2.7ರಿಂದ 19ರ ಒಳಗಿದ್ದರೆ ಚಿಂತೆಯಿಲ್ಲ. ನವಿಕ್ಯುಲಾಗೆ 6 ಬರುತ್ತದೆ, ಸ್ಕೆಲಿಟೋನೀಮಾಗೆ 73ರ ಹತ್ತಿರ.

ಕಾರಣ ಲೆನ್ಸ್ ಕೆಳಗೇ ಕಾಣುತ್ತದೆ. ಸ್ಕೆಲಿಟೋನೀಮಾ ಕೋಶಗಳು ಅಬ್ಬಲಿಗೆ ದಂಡೆಯ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸರ ಬಿದ್ದ ಚೌಕ ತುಂಬಿರುತ್ತದೆ, ಪಕ್ಕದ್ದು ಖಾಲಿ. ಹಾಗಾಗಿ ನಾನು ಸರಗಳನ್ನೇ ಎಣಿಸುತ್ತೇನೆ. ಒಂದು ಸರದಲ್ಲಿ ಸರಾಸರಿ ಎಷ್ಟು ಕೋಶ ಅಂತ ಬೇರೆಯಾಗಿ ನೋಡಿ ಗುಣಿಸುತ್ತೇನೆ. ಒಂಟಿಯಾಗಿರುವ ಜಾತಿಯಲ್ಲೂ ವೇರಿಯನ್ಸ್ ಜಾಸ್ತಿ ಬಂದರೆ ಮೊದಲ ಅನುಮಾನ ಬಾಟಲಿ ಸರಿಯಾಗಿ ಕದಡಿಲ್ಲ ಅಂತ. ಮೆಲ್ಲಗೆ ತಿರುಗಿಸಿ, ಅಗಲ ಬಾಯಿಯ ಪಿಪೆಟ್‌ನಲ್ಲಿ ಸೆಲ್ ಮತ್ತೆ ತುಂಬುತ್ತೇನೆ. ಜೋರಾಗಿ ಕುಲುಕಿದರೆ ಸರ ಮುರಿಯುತ್ತದೆ, ಅದು ಇನ್ನೊಂದು ಗೋಳು.

ಎಷ್ಟು ಎಣಿಸಬೇಕು? ಚೌಕ ಎಷ್ಟಾದರೂ ಇರಲಿ, ಎಣಿಸಿದ ಕಣ ಎಷ್ಟು ಅನ್ನೋದರ ಮೇಲೆ ಎಲ್ಲ ನಿಂತಿದೆ. ಅದರ ವರ್ಗಮೂಲದ ಎರಡರಷ್ಟು ಆಚೀಚೆ ಆಗಬಹುದು. 50 ಎಣಿಸಿದರೆ ಶೇ. 28, 100ಕ್ಕೆ ಶೇ. 20, 400ಕ್ಕೆ ಶೇ. 10. ಶೇ. 5 ಬೇಕಂದರೆ 1600! ಅಷ್ಟು ಎಣಿಸಿ ಸುಮ್ನೆ ಕಣ್ಣು ಕೆಡಿಸಿಕೊಳ್ಳುವ ಬದಲು 400ಕ್ಕೆ ನಿಲ್ಲಿಸಿ ಇನ್ನೊಂದು ಬಾಟಲಿ ನೋಡುತ್ತೇನೆ. ಉಬ್ಬರದ ನೀರಿಗೂ ಇಳಿತದ ನೀರಿಗೂ ಇರುವ ಅಂತರ ಈ ವರ್ಗಮೂಲದ ಲೆಕ್ಕಕ್ಕೆ ಸಿಗೋದಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಸರಾಸರಿ ಮಾಡದೆ ಬೇರೆ ಬೇರೆ ಸಾಲಿನಲ್ಲೇ ಬರೆದಿಡುತ್ತೇನೆ.