ಸುಣ್ಣದ ಮೂಟೆ ತರೋಕೆ ಮುಂಚೆ ತೋಟದ ಮಣ್ಣು ಸರಿಯಾಗಿ ತೆಗೀರಿ

ಕೊಡಗಲ್ಲಿ ಕಾಫಿ ತೋಟಕ್ಕೆ ಸುಣ್ಣ ಹಾಕೋರು ಬೇಕಾದಷ್ಟು ಜನ ಇದಾರೆ, ಆದ್ರೆ ಲೆಕ್ಕ ಮಾತ್ರ ಪಕ್ಕದ ತೋಟದವರು ಎಷ್ಟು ಹಾಕಿದ್ರೋ ಅಷ್ಟು. ಟೆಸ್ಟ್ ಮಾಡಿಸೋರೂ ಗೇಟ್ ಹತ್ರ ಒಂದು ಹಿಡಿ ಬಾಚಿ ಕವರಿಗೆ ಹಾಕಿ ಕಳಿಸ್ತಾರೆ, ಆಮೇಲೆ ಲ್ಯಾಬೇ ಸರಿ ಇಲ್ಲ ಅಂತಾರೆ. ಮುಂಗಾರು ನಮ್ಮ ಇಳಿಜಾರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲಾ ತೊಳ್ಕೊಂಡು ಹೋಗುತ್ತೆ, ಸಾಲದ್ದಕ್ಕೆ ಯೂರಿಯಾನೂ ಮಣ್ಣಿನ ಹುಳಿ ಏರಿಸುತ್ತೆ, ಅದನ್ನ ಇಳಿಸೋಕೇ ಸುಣ್ಣ. ಕಾಫಿಗೆ ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 6ರಿಂದ 6.5 ಇದ್ರೆ ಚೆನ್ನ. 5 ಅಂದ್ರೆ ಒಂದೇ ಅಂಕಿ ಕಮ್ಮಿ ಅಂದ್ಕೋಬೇಡಿ, 6ಕ್ಕಿಂತ ಹತ್ತು ಪಟ್ಟು ಹುಳಿ.

ಮೊದಲು ತೋಟನ ಬ್ಲಾಕ್ ಮಾಡ್ಕೊಳಿ. ಅರೇಬಿಕಾ ಬೇರೆ, ರೋಬಸ್ಟಾ ಬೇರೆ, ಬರೆಯ (ಇಳಿಜಾರಿನ) ಮೇಲ್ಭಾಗ ಬೇರೆ, ಗದ್ದೆ ಕಡೆ ಇಳಿಯೋ ಜಾಗ ಬೇರೆ. ಮಣ್ಣು ತೆಗೆಯೋ ಹೊತ್ತಿಗೆ ಗೊಬ್ಬರ ಹಾಕಿ ಎರಡು ತಿಂಗಳಾದ್ರೂ ಆಗಿರ್ಬೇಕು.

ಈಗ ಎಲ್ಲರೂ ಎಡವೋ ಕೆಲಸ. ಒಂದೊಂದು ಬ್ಲಾಕಲ್ಲೂ ಅಡ್ಡಾದಿಡ್ಡಿ ನಡ್ಕೊಂಡು 15-20 ಕಡೆ ತೆಗೀಬೇಕು, ಗಿಡದ ಬುಡದಲ್ಲಲ್ಲ, ರೆಕ್ಕೆ (ಕೊಂಬೆ) ತುದಿಯ ನೀರು ಬೀಳೋ ಸುತ್ತಿನ ಒಳಗೆ, ಅಂದ್ರೆ ಗೊಬ್ಬರ ಬೀಳೋ ಜಾಗದಲ್ಲಿ. ದಾರಿ ಬದಿ, ಸಗಣಿ ಗುಂಡಿ ಹತ್ರ, ಚರಂಡಿ ಒಳಗೆ ಬೇಡ. ಮೇಲಿನ ತರಗೆಲೆ ಕೈಯಲ್ಲಿ ಸರಿಸಿ, ಕೆಲಸದವರು ಗುದ್ದಲಿಯಲ್ಲಿ ಕೆರೆದ್ರೆ ಎಲೆ ಜೊತೆ ಕರಿಮಣ್ಣೂ ಹೋಗುತ್ತೆ, ನಮಗೆ ಅದೂ ಬೇಕು. ಒಂಬತ್ತು ಇಂಚು ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆದು, ಆ ಮಣ್ಣು ಹೊರಗೆ ಹಾಕಿ, ಗುಂಡಿಯ ಒಂದು ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದೇ ದಪ್ಪಕ್ಕೆ, ಒಂದು ಇಂಚಿನಷ್ಟು, ಹೆರೆದು ಪ್ಲಾಸ್ಟಿಕ್ ಬಕೆಟಿಗೆ ಹಾಕಿ. ಮೇಲೆ ದಪ್ಪ ಕೆಳಗೆ ತೆಳು ಆದ್ರೆ ರಿಪೋರ್ಟ್ ಮೇಲ್ಮಣ್ಣಿನ ಕಥೆ ಮಾತ್ರ ಹೇಳುತ್ತೆ. ಮಣ್ಣು ತುಂಬೋಕೆ ಗೊಬ್ಬರದ ಖಾಲಿ ಚೀಲ ಅಂತೂ ಮುಟ್ಟಲೇಬೇಡಿ.

ಎಲ್ಲಾ ಕಲಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಬಿಸಾಕಿ, ಉಳಿದಿದ್ದನ್ನ ಮತ್ತೆ ಹಾಗೇ ಮಾಡ್ತಾ ಅರ್ಧ ಕೆಜಿಗೆ ಇಳಿಸಿ. ನೆರಳಲ್ಲಿ ಒಣಗಿಸಿ. ಕಾಫಿ ಬೋರ್ಡಿನ ಆಫೀಸಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಎಲ್ಲಿ ಕೊಡ್ಬೇಕು ಅಂತ ವಿಚಾರಿಸಿ ಕೊಡಿ. ಆನ್‌ಲೈನಲ್ಲಿ ಬರೋ ಮಣ್ಣಿಗೆ ಚುಚ್ಚೋ ಮೀಟರ್ ನಂಬ್ಕೊಂಡು ಸುಣ್ಣ ಲೆಕ್ಕ ಹಾಕೋದು ನನ್ನ ಪ್ರಕಾರ ದುಡ್ಡು ದಂಡ.

ರಿಪೋರ್ಟಲ್ಲಿ ಮೆಗ್ನೀಷಿಯಮ್ಮೂ ಕಮ್ಮಿ ಇದ್ರೆ ಡೋಲೋಮೈಟ್ (ಮೆಗ್ನೀಷಿಯಂ ಕೂಡ ಇರೋ ಸುಣ್ಣದ ಕಲ್ಲಿನ ಪುಡಿ), ಇಲ್ಲಾಂದ್ರೆ ಕೃಷಿ ಸುಣ್ಣ. ಪುಡಿ ಬೆರಳಲ್ಲಿ ತಿಕ್ಕಿದ್ರೆ ನುಣ್ಣಗಿರ್ಬೇಕು, ತರಿತರಿ ಮಾಲು ಕರಗೋಕೆ ವರ್ಷಗಟ್ಟಲೆ ತಗೊಳುತ್ತೆ, ಅಗ್ಗ ಅಂತ ತಗೋಬೇಡಿ. ನಿಂಬೆರಸ ಹಾಕಿ ನೊರೆ ನೋಡೋರಿದಾರೆ, ಡೋಲೋಮೈಟಿಗೆ ನೊರೆ ನಿಧಾನಕ್ಕೇ ಬರೋದು, ಅದಕ್ಕೇ ಕಲಬೆರಕೆ ಅನ್ಬೇಡಿ.

ತೇವ ಇರುವಾಗ ಸಮವಾಗಿ ಎರಚಿ, ಬುಡಕ್ಕೆ ಗುಡ್ಡೆ ಸುರಿಬೇಡಿ. ಆಳು ಖರ್ಚು ಉಳಿಸೋಕೆ ಯೂರಿಯಾ ಜೊತೆ ಕಲಸಿ ಹಾಕೋರಿದಾರೆ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಒಂದು ತಿಂಗಳು ಬಿಟ್ಟು ಗೊಬ್ಬರ ಹಾಕಿ. ಎರಡು ಮೂರು ವರ್ಷಕ್ಕೆ ಮತ್ತೆ ಟೆಸ್ಟ್ ಮಾಡ್ಸುವಾಗ ಅದೇ ಬ್ಲಾಕ್ ಲೆಕ್ಕಕ್ಕೆ ಬೇಕು, ಅದ್ರಿಂದ ಬ್ಲಾಕಿನ ಹೆಸರು ಈಗಲೇ ರಿಪೋರ್ಟ್ ಮೇಲೆ ಬರೆದಿಡಿ.