ತಾಲ್ಲೂಕು ಕೋರ್ಟಿನ ವಾರಂಟ್: ಇದೆಯೋ ಇಲ್ಲವೋ ನೋಡುವುದು ಹೇಗೆ, ರೀಕಾಲ್ ಮಾಡಿಸುವುದು ಹೇಗೆ

ಕೋರ್ಟ್ ಹೊರಡಿಸಿದ ಬಂಧನ ವಾರಂಟ್ ತಾನಾಗಿ ಸಾಯುವುದಿಲ್ಲ. ಹೊರಡಿಸಿದ ಕೋರ್ಟೇ ಅದನ್ನು ರದ್ದು ಮಾಡಬೇಕು (ಇದನ್ನೇ ರೀಕಾಲ್ ಎನ್ನುವುದು), ಇಲ್ಲವೇ ಪೊಲೀಸರು ಜಾರಿ ಮಾಡಬೇಕು. ಹಳೆಯ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂ ಹೇಳುತ್ತಿದ್ದುದು ಅದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಹೇಳುವುದೂ ಅದನ್ನೇ. ‘ಏಳೆಂಟು ವರ್ಷ ಆಯ್ತು, ಯಾರೂ ಬರಲಿಲ್ಲ, ಕೇಸು ಬಿದ್ದುಹೋಗಿರಬೇಕು’ ಎಂದು ನಂಬಿ ಕೂತವರು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಸಿಕ್ಕಿಬೀಳುತ್ತಾರೆ. ಚುನಾವಣೆ ಹತ್ತಿರ ಬಂದು ಠಾಣೆಗಳು ಬಾಕಿ ವಾರಂಟ್‌ಗಳ ಬೆನ್ನು ಹತ್ತಿದಾಗಲೂ ಸಿಕ್ಕಿಬೀಳುತ್ತಾರೆ.

ಹೀಗೆ ಸಿಕ್ಕಿಬೀಳುವವರು ಹೆಚ್ಚಾಗಿ ತಲೆಮರೆಸಿಕೊಂಡವರೇನಲ್ಲ. ಇಸ್ಪೀಟ್ ಕೇಸು, ಬದುವಿನ ಜಗಳದ ಹೊಡೆದಾಟ, ಬೈಕ್ ಅಪಘಾತ, ಚೆಕ್ ಬೌನ್ಸ್, ಹೆಂಡತಿಗೆ ಜೀವನಾಂಶದ ಬಾಕಿ ಇಂಥ ಕೇಸುಗಳವರು. ಒಂದೆರಡು ವಾಯಿದೆಗೆ ಬಂದು, ಆಮೇಲೆ ಕೂಲಿಗೆಂದು ಊರು ಬಿಟ್ಟು, ವಕೀಲರಿಗೆ ಫೋನ್ ಮಾಡುವುದನ್ನೂ ನಿಲ್ಲಿಸಿದವರು. ಇವರಾಗಿಯೇ ಕೋರ್ಟಿಗೆ ಬಂದರೆ ಕೆಲಸ ಬಹುಪಾಲು ಒಂದೇ ದಿನದಲ್ಲಿ ಮುಗಿಯುತ್ತದೆ. ಪೊಲೀಸರು ಹಿಡಿದು ತಂದರೆ ಅದೇ ಕೇಸು, ಅದೇ ಕೋರ್ಟು, ಆದರೆ ಫಲಿತಾಂಶ ಬೇರೆ.

ಮೊದಲು ಹುಡುಕಿ

ಇ-ಕೋರ್ಟ್ಸ್ ಸೇವೆಯ ಜಾಲತಾಣದಲ್ಲಾಗಲಿ ಮೊಬೈಲ್ ಆ್ಯಪ್‌ನಲ್ಲಾಗಲಿ ರಾಜ್ಯ, ಜಿಲ್ಲೆ, ತಾಲ್ಲೂಕಿನ ಕೋರ್ಟ್ ಸಂಕೀರ್ಣ ಆರಿಸಿ. ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಗುರುತು, ಅಂದರೆ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಬೇರೇನೂ ಬೇಕಿಲ್ಲ; ಕರ್ನಾಟಕದ್ದು ‘ಕೆಎ’ಯಿಂದ ಶುರುವಾಗುತ್ತದೆ. ಗೊತ್ತಿಲ್ಲದಿದ್ದರೆ ಪೊಲೀಸ್ ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಕೊಟ್ಟು ಹುಡುಕುವುದು ಒಳ್ಳೆಯದು. ಹೆಸರಿನ ಹುಡುಕಾಟವನ್ನು ಕೊನೆಗಿಟ್ಟುಕೊಳ್ಳಿ. ಹನುಮಂತಪ್ಪ ಎಂಬ ಒಂದೇ ಹೆಸರನ್ನು ಒಂದು ಕೇಸಿನಲ್ಲಿ ಬರೀ ‘ಟಿ’ ಹಾಕಿ, ಇನ್ನೊಂದರಲ್ಲಿ ‘ಟಿ-ಎಚ್’ ಹಾಕಿ ಟೈಪ್ ಮಾಡಿರುತ್ತಾರೆ. ಇನಿಷಿಯಲ್ ಹಿಂದೆಯೋ ಮುಂದೆಯೋ ಹೇಳಲಾಗದು. ಆದ್ದರಿಂದ ಪೂರ್ತಿ ಹೆಸರು ಹೊಡೆಯದೆ ಮೊದಲ ಐದಾರು ಅಕ್ಷರ ಹೊಡೆದು, ಬಂದ ಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರು ತಾಳೆ ನೋಡಿ.

ಇಲ್ಲೊಂದು ದೊಡ್ಡ ಗುಂಡಿಯಿದೆ, ಬಹಳ ಜನ ಬೀಳುವುದು ಇದರಲ್ಲೇ. ಐದು ಜನ ಆರೋಪಿಗಳ ಕೇಸಿನಲ್ಲಿ ಒಬ್ಬ ಬರುತ್ತಲೇ ಇಲ್ಲವೆಂದರೆ ಕೋರ್ಟು ಅವನ ಕೇಸನ್ನು ಪ್ರತ್ಯೇಕಿಸಿ, ಅಂದರೆ ಸ್ಪ್ಲಿಟ್ ಅಪ್ ಮಾಡಿ, ಹೊಸ ಸಿ.ಸಿ. ನಂಬರು, ಅಂದರೆ ಹೊಸ ಕೇಸ್ ನಂಬರು ಕೊಡುತ್ತದೆ. ಉಳಿದ ನಾಲ್ವರ ವಿಚಾರಣೆ ಮುಗಿದು ಬಿಡುಗಡೆಯೂ ಆಗಿರುತ್ತದೆ. ಹಳೆಯ ನಂಬರು ಹೊಡೆದರೆ ‘ವಿಲೇವಾರಿ’ ಎಂದು ಬರುತ್ತದೆ, ಐದನೆಯವನು ನೆಮ್ಮದಿಯಾಗಿ ಮಲಗುತ್ತಾನೆ. ಅವನ ಎನ್‌ಬಿಡಬ್ಲ್ಯು, ಅಂದರೆ ಜಾಮೀನುರಹಿತ ವಾರಂಟ್, ಹೊಸ ನಂಬರಿನಲ್ಲಿ ಹಾಗೇ ಇರುತ್ತದೆ. ವರ್ಷಗಟ್ಟಲೆ ಸಿಗದವರ ಕೇಸನ್ನು ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿ ರಿಜಿಸ್ಟರಿಗೆ ಸೇರಿಸುವುದೂ ಉಂಟು. ಆಗ ಮುಂದಿನ ವಾಯಿದೆಯೇ ಕಾಣುವುದಿಲ್ಲ. ಹಳೆಯ ಕೇಸಿನ ಕೊನೆಯ ಆದೇಶದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಓದದೆ ಕೇಸು ಮುಗಿಯಿತೆಂದು ತೀರ್ಮಾನಿಸಬೇಡಿ.

ಆನ್‌ಲೈನ್‌ನಲ್ಲಿ ‘ವಾರಂಟ್’ ಹಂತ ಕಂಡರೂ ಅದು ಯಾರ ಮೇಲೆ ಎಂಬುದು ತಿಳಿಯದಿರಬಹುದು. ಅದಕ್ಕೆ ಆರ್ಡರ್ ಶೀಟ್, ಅಂದರೆ ಪ್ರತಿ ವಾಯಿದೆಯ ಆದೇಶ ಬರೆದಿಡುವ ಹಾಳೆ ನೋಡಬೇಕು. ವಕೀಲರ ಮೂಲಕ ಕಡತ ಪರಿಶೀಲನೆಗೆ ಅರ್ಜಿ ಕೊಟ್ಟರೆ ಸಿಗುತ್ತದೆ. ಅದರಲ್ಲಿನ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಎ1 ಹಾಜರ್, ಎ2 ಗೈರು, ಇ.ಪಿ. ಇಲ್ಲ, ಎ2ಗೆ ಎನ್‌ಬಿಡಬ್ಲ್ಯು ಹೊರಡಿಸಿ, ಜಾಮೀನುದಾರರಿಗೆ ನೋಟಿಸ್’. ಎ1, ಎ2 ಅಂದರೆ ಒಂದನೇ, ಎರಡನೇ ಆರೋಪಿ; ಇ.ಪಿ. ಅಂದರೆ ಆ ದಿನದ ಹಾಜರಾತಿಯಿಂದ ವಿನಾಯಿತಿ ಕೇಳುವ ಅರ್ಜಿ. ಇಷ್ಟರಲ್ಲೇ ನಾಲ್ಕು ಸಂಗತಿ ಗೊತ್ತಾಗುತ್ತವೆ: ವಾರಂಟ್ ಯಾರ ಮೇಲೆ, ಯಾವ ಬಗೆಯದು, ಯಾವ ದಿನದಿಂದ, ಮತ್ತು ನಿಮಗೆ ಜಾಮೀನು ನಿಂತವರು ಈಗ ತೊಂದರೆಯಲ್ಲಿದ್ದಾರೆಯೇ. ಆರ್ಡರ್ ಶೀಟಿನ ಮುಂದಿನ ಪುಟಗಳಲ್ಲಿ ‘ಘೋಷಣೆ’, ಅಂದರೆ ತಲೆಮರೆಸಿಕೊಂಡವರು ಹಾಜರಾಗಬೇಕೆಂದು ಕೋರ್ಟು ಹೊರಡಿಸುವ ಪ್ರಕಟಣೆ, ಎಂಬ ಪದವಿದೆಯೇ ಎಂದೂ ನೋಡಿ. ಅದಿದ್ದರೆ ವಿಷಯ ಒಂದು ಮೆಟ್ಟಿಲು ಮೇಲೇರಿದೆ. ಘೋಷಣೆಗೆ ಓಗೊಟ್ಟು ಬಾರದಿರುವುದೇ ಪ್ರತ್ಯೇಕ ಅಪರಾಧ, ಆಸ್ತಿ ಜಪ್ತಿಯೂ ಆಗಬಹುದು.

ಠಾಣೆಯಲ್ಲಿ ಕೋರ್ಟ್ ಕೆಲಸ ನೋಡುವ ಪೊಲೀಸ್ ಕಾನ್‌ಸ್ಟೆಬಲ್‌ಗೆ ಇದೆಲ್ಲ ಗೊತ್ತಿರುತ್ತದೆ. ಆದರೆ ವಾರಂಟ್ ಇರುವವರೇ ಅಲ್ಲಿಗೆ ಹೋಗಿ ವಿಚಾರಿಸುವುದು ಬೇಡ. ಎನ್‌ಬಿಡಬ್ಲ್ಯು ಕೈಯಲ್ಲಿದ್ದರೆ ಜಾರಿ ಮಾಡುವುದು ಅವರ ಕರ್ತವ್ಯ. ವಕೀಲರೇ ವಿಚಾರಿಸಲಿ.

ಯಾವ ಬಗೆಯ ವಾರಂಟ್

ಜಾಮೀನುಸಹಿತ ವಾರಂಟ್ ಆದರೆ ಎಷ್ಟು ಮೊತ್ತ, ಎಷ್ಟು ಜಾಮೀನುದಾರರು, ಯಾವ ದಿನ ಹಾಜರಾಗಬೇಕು ಎಂಬುದು ಅದರ ಮೇಲೆಯೇ ಬರೆದಿರುತ್ತದೆ. ಮುಚ್ಚಳಿಕೆ ಬರೆದುಕೊಟ್ಟರೆ ಪೊಲೀಸರೇ ಬಿಟ್ಟು ಕಳಿಸಬೇಕು. ಸಾಕ್ಷಿಗಳಿಗೂ ಇದು ಬರುತ್ತದೆ, ಗಾಬರಿ ಬೇಡ, ಆ ದಿನ ಹೋಗಿ ಸಾಕ್ಷಿ ನುಡಿದರೆ ಮುಗಿಯಿತು. ಎನ್‌ಬಿಡಬ್ಲ್ಯುನಲ್ಲಿ ಪೊಲೀಸರಿಗೆ ಬಿಡುವ ಅಧಿಕಾರವಿಲ್ಲ, ಕೋರ್ಟಿನ ಮುಂದೆ ನಿಲ್ಲಿಸಲೇಬೇಕು.

ರೀಕಾಲ್ ಮಾಡಿಸುವ ದಿನ

ಮುಂದಿನ ವಾಯಿದೆ ಎರಡು ತಿಂಗಳ ನಂತರ ಇದ್ದರೆ ಕಾಯಬೇಡಿ. ಕೇಸನ್ನು ಮುಂಚಿತವಾಗಿ ತೆಗೆದುಕೊಳ್ಳಿ ಎಂದು ಅಡ್ವಾನ್ಸ್‌ಮೆಂಟ್ ಅರ್ಜಿ, ಅದರ ಜೊತೆಗೇ ವಾರಂಟ್ ರೀಕಾಲ್ ಅರ್ಜಿ ಹಾಕಿಸಿ. ಹಳೆಯ ವಕೀಲರನ್ನು ಬದಲಿಸುವುದಾದರೆ ಅವರಿಂದ ಎನ್‌ಒಸಿ, ಅಂದರೆ ಆಕ್ಷೇಪಣೆಯಿಲ್ಲವೆಂಬ ಪತ್ರ ಪಡೆದ ಮೇಲೇ ಹೊಸ ವಕಾಲತ್ತು. ಇದಕ್ಕೆ ಮುನ್ನಾದಿನವೇ ಓಡಾಡಿಕೊಂಡಿರಿ.

ದಿನ ಆರಿಸುವುದರಲ್ಲೂ ಜಾಣತನ ಬೇಕು. ವಾರದ ಮೊದಲ ದಿನಗಳಲ್ಲಿ, ಬೆಳಗ್ಗೆ ಕಲಾಪ ಶುರುವಾಗುವ ಹೊತ್ತಿಗೆ ಅಲ್ಲಿರಿ. ಶನಿವಾರ ಮಧ್ಯಾಹ್ನ ಹೋಗಿ, ಜಾಮೀನುದಾರರ ಕಾಗದದಲ್ಲಿ ಏನೋ ಕೊರತೆ ಕಂಡರೆ ಭಾನುವಾರ ಜೈಲಿನಲ್ಲೇ ಕಳೆಯಬೇಕಾದೀತು. ಸಣ್ಣ ತಾಲ್ಲೂಕುಗಳಲ್ಲಿ ನ್ಯಾಯಾಧೀಶರು ರಜೆಯಲ್ಲಿದ್ದರೆ ಪ್ರಭಾರ ಪಕ್ಕದ ತಾಲ್ಲೂಕಿನವರದ್ದಾಗಿರುತ್ತದೆ. ಕೆಲವು ಕಡೆ ಕೋರ್ಟು ವಾರಕ್ಕೆ ಕೆಲವೇ ದಿನ ಸೇರುತ್ತದೆ. ಹೊರಡುವ ಮುನ್ನ ಕೋರ್ಟ್ ಇದೆಯೇ ಎಂದು ವಕೀಲರ ಗುಮಾಸ್ತರನ್ನು ಕೇಳಿ.

ಜಾಮೀನುದಾರರನ್ನು ಜೊತೆಗೇ ಕರೆದುಕೊಂಡು ಹೋಗಿ. ಅವರ ಹೆಸರಿನ ಹೊಸ ಪಹಣಿ, ಆಧಾರ್ ಮೂಲ ಮತ್ತು ನಕಲು, ಎರಡು ಫೋಟೊ ಇರಲಿ. ಪಹಣಿ ತಾತನ ಹೆಸರಲ್ಲೇ ಉಳಿದಿದ್ದರೆ, ಜಂಟಿ ಖಾತೆಯಾಗಿದ್ದರೆ, ಆಧಾರ್‌ನ ಹೆಸರಿಗೂ ಪಹಣಿಯ ಹೆಸರಿಗೂ ಹೊಂದದಿದ್ದರೆ ತಕರಾರು ಬರುತ್ತದೆ. ಹೀಗೆ ತಿರಸ್ಕೃತವಾಗುವ ಭಯವಿದ್ದರೆ ಇನ್ನೊಬ್ಬರನ್ನೂ ಸಿದ್ಧವಿಟ್ಟುಕೊಳ್ಳಿ. ಇನ್ನೆಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬುದನ್ನೂ ಜಾಮೀನುದಾರರು ಘೋಷಿಸಬೇಕಾಗುತ್ತದೆ, ಸುಳ್ಳು ಹೇಳಿಸಬೇಡಿ.

ಗೈರಾದ ಕಾರಣಕ್ಕೆ ಪುರಾವೆ ಲಗತ್ತಿಸಿ: ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹೊರ ಊರಿನ ಕೆಲಸದ ಗುರುತಿನ ಚೀಟಿ, ಮನೆ ಬಾಡಿಗೆ ಕರಾರು. ಕಾರಣ ಸತ್ಯವಾಗಿರಲಿ, ಚಿಕ್ಕದಾಗಿರಲಿ. ‘ವಾಯಿದೆ ಗೊತ್ತಾಗಲಿಲ್ಲ, ಕ್ಷಮಿಸಿ, ಇನ್ನು ತಪ್ಪುವುದಿಲ್ಲ’ ಎಂಬ ನೇರ ಮಾತು ಸುಳ್ಳು ವೈದ್ಯಕೀಯ ಪ್ರಮಾಣಪತ್ರಕ್ಕಿಂತ ಸಾವಿರ ಪಾಲು ಮೇಲು. ಕೋರ್ಟು ದಂಡ ಹಾಕಿ ರೀಕಾಲ್ ಮಾಡಬಹುದು, ಹೊಸ ಮುಚ್ಚಳಿಕೆ ಮತ್ತು ಹೊಸ ಜಾಮೀನು ಕೇಳಬಹುದು. ಹಳೆಯ ಜಾಮೀನು ಮುಟ್ಟುಗೋಲಾಗಿದ್ದರೆ ಮೊತ್ತ ಕಡಿಮೆ ಮಾಡಿ ಎಂದು ಬೇಡಿಕೊಳ್ಳಲು ಕಾನೂನಿನಲ್ಲೇ ಅವಕಾಶವಿದೆ. ನಿಮ್ಮನ್ನು ನಂಬಿ ಸಹಿ ಹಾಕಿದವರ ಹಣ ಅದು, ಮರೆಯದೆ ಕೇಳಿಸಿ.

ಈ ಹಿಂದೆ ಜಾಮೀನು ಪಡೆದಿದ್ದವರ ಲೆಕ್ಕ ಒಂದು, ಎಂದೂ ಪಡೆಯದೆ ಚಾರ್ಜ್‌ಶೀಟಿನಲ್ಲಿ ‘ತಲೆಮರೆಸಿಕೊಂಡಿದ್ದಾರೆ’ ಎಂದು ಬರೆಸಿಕೊಂಡವರ ಲೆಕ್ಕವೇ ಬೇರೆ. ಎರಡನೆಯವರಿಗೆ ರೀಕಾಲ್ ಅರ್ಜಿಯೊಂದೇ ಸಾಲದು, ಜಾಮೀನು ಅರ್ಜಿಯೂ ಬೇಕು. ಗಂಭೀರ ಆರೋಪವಾದರೆ ನ್ಯಾಯಾಂಗ ಬಂಧನದ ಸಾಧ್ಯತೆ ನಿಜಕ್ಕೂ ಇದೆ. ಸೆಷನ್ಸ್ ಕೋರ್ಟಿಗೆ ಮೊದಲು ಹೋಗಬೇಕೇ ಎಂಬುದನ್ನು ವಕೀಲರೊಂದಿಗೆ ಕೂತು ನಿರ್ಧರಿಸಿ.

7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ತನಿಖೆಯ ವೇಳೆ ಬಂಧನವಾಗದೆ ಸಹಕರಿಸಿದ್ದವರಿಗೆ ಒಂದು ಅನುಕೂಲವಿದೆ. ಎನ್‌ಬಿಡಬ್ಲ್ಯು ಜಾರಿಯಾಗುವ ಮೊದಲೇ, ಮುಂದಿನ ವಾಯಿದೆಗೆ ಖುದ್ದು ಬರುವೆನೆಂದು ಬರೆದುಕೊಟ್ಟು ಅರ್ಜಿ ಹಾಕಿದರೆ, ಆರೋಪಿ ಎದುರಿಗಿಲ್ಲದೆಯೂ ಅದನ್ನು ರದ್ದು ಮಾಡಬಹುದು ಎಂದು 2022ರ ಸತೇಂದರ್ ಕುಮಾರ್ ಆಂಟಿಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರದಲ್ಲಿ ದುಡಿಯುವವರ ವಕೀಲರು ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಲಿ.

ಜೀವನಾಂಶದ ವಾರಂಟ್‌ಗೆ ದಾರಿ ಹಣವೇ. ಪೂರ್ತಿ ಆಗದಿದ್ದರೆ ಒಂದು ಗಣನೀಯ ಕಂತು ಕಟ್ಟಿ, ಉಳಿದದ್ದಕ್ಕೆ ದಿನಾಂಕ ಬರೆದ ಮೆಮೊ ಕೊಡಿ. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಚೆಕ್ ಕೇಸಿನಲ್ಲಿ ಯಾವ ಹಂತದಲ್ಲಾದರೂ ರಾಜಿಗೆ ಅವಕಾಶವಿದೆ, ಲೋಕ ಅದಾಲತ್ ದಿನ ಇನ್ನೂ ಸಲೀಸು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಪೊಲೀಸರೇ ಮೊದಲು ಬಂದರೆ

ವಾರಂಟ್ ತೋರಿಸಿ ಎಂದು ಕೇಳುವ ಹಕ್ಕಿದೆ. ಸಿ.ಸಿ. ನಂಬರು, ಕೋರ್ಟಿನ ಹೆಸರು ಬರೆದುಕೊಂಡು ಮನೆಯವರ ಮೂಲಕ ವಕೀಲರಿಗೆ ತಿಳಿಸಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬೇರೆ ಜಿಲ್ಲೆಯಲ್ಲಿ ಹಿಡಿದರೆ ಸಾಮಾನ್ಯವಾಗಿ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುತ್ತಾರೆ. ಜಾಮೀನು ಸಿಗುವಂಥ ಅಪರಾಧವಾದರೆ ಅವರೇ ಜಾಮೀನು ಪಡೆದು ಕಾಗದಗಳನ್ನು ನಿಮ್ಮ ತಾಲ್ಲೂಕಿನ ಕೋರ್ಟಿಗೆ ಕಳಿಸಬಲ್ಲರು.

ವಾಟ್ಸಾಪ್‌ನಲ್ಲಿ ವಾರಂಟ್ ಚಿತ್ರ ಕಳಿಸಿ, ಹಣ ಹಾಕಿದರೆ ರದ್ದಾಗುತ್ತದೆ ಎನ್ನುವವರು ವಂಚಕರು. ಫೋನ್ ಇಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ರೀಕಾಲ್ ಆದ ಮೇಲೆ

ನ್ಯಾಯಾಧೀಶರು ‘ರೀಕಾಲ್’ ಎಂದ ಕೂಡಲೇ ಮನೆಗೆ ಹೊರಡಬೇಡಿ. ವಾರಂಟಿನ ಕಾಗದ ಇನ್ನೂ ಠಾಣೆಯಲ್ಲೇ ಇದೆ. ರದ್ದಾದ ಸೂಚನೆ ಅಲ್ಲಿಗೆ ತಲುಪದೆ, ವಾರ ಕಳೆದು ಮನೆ ಬಾಗಿಲಿಗೆ ಪೊಲೀಸರು ಬಂದ ಪ್ರಸಂಗಗಳು ಹೊಸದೇನಲ್ಲ. ಠಾಣೆಗೆ ಹೋಗುವ ರೀಕಾಲ್ ಸೂಚನಾಪತ್ರ ಆ ದಿನವೇ ಹೊರಟಿತೇ ಎಂದು ಬೆಂಚ್ ಕ್ಲರ್ಕ್ ಬಳಿ ವಕೀಲರಿಂದ ಕೇಳಿಸಿ. ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಅದು ಬರುವವರೆಗೆ ಆನ್‌ಲೈನ್ ಆದೇಶದ ಫೋಟೊ ಫೋನಿನಲ್ಲಿರಲಿ. ಸಿಎನ್‌ಆರ್ ಸಂಖ್ಯೆಯನ್ನು ಆ್ಯಪ್‌ನಲ್ಲಿ ಉಳಿಸಿಕೊಂಡರೆ ಪ್ರತಿ ವಾಯಿದೆಯ ದಿನಾಂಕ ನೀವೇ ನೋಡಬಹುದು. ಬರಲಾಗದ ದಿನ ಬಂದರೆ ಆ ಬೆಳಗ್ಗೆಯೇ, ಕೇಸು ಕೂಗುವ ಮುನ್ನ, ವಕೀಲರಿಂದ ಇ.ಪಿ. ಹಾಕಿಸಿ.